ಬಿಗಿದುಹೋದ ಕೆಂಪು ನೆಲಕ್ಕೆ ಮತ್ತೆ ಜೀವ ತರುವುದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದ್ದು (ಅರಸೀಕೆರೆ ಕಡೆಯಿಂದ): ನಮ್ಮದು ಎರಡು ಎಕರೆ ಕೆಂಪು ಮಣ್ಣು, ಮಳೆ ನಂಬಿದ ರಾಗಿ ಹೊಲ. ಹದಿನೈದು ವರ್ಷದಿಂದ ಹಾಕಿದ್ದು ಬರೀ ಡಿಎಪಿ, ಯೂರಿಯಾ ರಸಗೊಬ್ಬರ. ಈಗ ಮಳೆ ಬಿದ್ದು ಎರಡು ದಿನ ಬಿಸಿಲು ಬಂದರೆ ನೆಲ ಕಣದ ಹಾಗೆ ಬಿಗಿಯುತ್ತದೆ. ಎರೆಹುಳು ಕಾಣುವುದೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ತಿಪಟೂರಿನಿಂದ: ನಮ್ಮ ಹೊಲವೂ ಹೀಗೇ ಇತ್ತು ಅಣ್ಣ. ಮೊದಲು ಒಂದು ಕೆಲಸ ಮಾಡಿ. ಹೊಲದಿಂದ ಒಂದು ಒಣ ಹೆಂಟೆ, ಬದುವಿನ ಹೊಂಗೆ ಮರದ ಬುಡದಿಂದ ಒಂದು ಹೆಂಟೆ ತನ್ನಿ. ಎರಡು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ನಮ್ಮ ಹೊಲದ್ದು ನೋಡನೋಡುತ್ತಲೇ ಕರಗಿ ನೀರೆಲ್ಲ ರಾಡಿಯಾಯಿತು. ಮರದ ಬುಡದ್ದು ಹಾಗೇ ಕೂತಿತ್ತು. ಮಣ್ಣನ್ನು ಹಿಡಿದಿಡುವ ಅಂಟು ಬರುವುದು ಬೇರು, ಬೂಷ್ಟು, ಸೂಕ್ಷ್ಮಜೀವಿಗಳಿಂದ. ಅವಕ್ಕೆ ಮೇವಿಲ್ಲದಿದ್ದರೆ ಅಂಟೂ ಇಲ್ಲ. ಮಳೆ ಹನಿ ಬಡಿದಾಗ ಮಣ್ಣು ಒಡೆದು ಸಂದೆಲ್ಲ ಮುಚ್ಚಿಕೊಳ್ಳುತ್ತದೆ.

ಅದಕ್ಕೇ ನಾವು ಮೊದಲು ಮೇವು ಕೊಟ್ಟೆವು. ಭರಣಿ ಮಳೆಗೆ ಎಕರೆಗೆ 20 ಕೆಜಿ ಅಪ್ಸೆಣಬಿನ (ಹಸಿರು ಗೊಬ್ಬರದ ಬೆಳೆ) ಬೀಜ ಚೆಲ್ಲಿದೆವು. ಸುಮಾರು 45 ದಿನಕ್ಕೆ ಹೂ ಕಾಣಿಸಿತು, ಆಗಲೇ ಉತ್ತು ಮಣ್ಣಿಗೆ ಸೇರಿಸಿದೆವು. ಇನ್ನೂ ಬೆಳೆಯಲಿ ಅಂತ ಕಾಯಬೇಡಿ, ದಂಟು ನಾರಾದರೆ ಬೇಗ ಕೊಳೆಯುವುದಿಲ್ಲ. ಎರಡು ವಾರ ಬಿಟ್ಟು ರಾಗಿ ಬಿತ್ತಿದೆವು. ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ರಾಗಿ ಕೊಯ್ದ ಮೇಲೂ ಅವರೆ, ತೊಗರಿ ಹಸಿರಾಗೇ ಇರುತ್ತವೆ, ನೆಲದೊಳಗೆ ಬೇರು ಬದುಕಿರುತ್ತದೆ. ನಮ್ಮ ಹಿರಿಯರು ಇದನ್ನು ಸುಮ್ನೆ ಮಾಡುತ್ತಿರಲಿಲ್ಲ ಅಲ್ವಾ?

ಎರಡನೇ ವರ್ಷ ತಪ್ಪು ಮಾಡಿದೆ. ಎರಡು ಟ್ರ್ಯಾಕ್ಟರ್ ತೆಂಗಿನ ನಾರಿನ ಪುಡಿ ತಂದು, ಕೊಳೆಸದೆ ನೇರ ಮಣ್ಣಿಗೆ ಬೆರೆಸಿದೆ. ಪೈರು ಹಳದಿ ತಿರುಗಿತು. ಪುಡಿ ಕೊಳೆಸುವ ಜೀವಿಗಳು ರಾಗಿಯ ಪಾಲಿನ ಸಾರಜನಕವನ್ನು ತಾವೇ ಎಳೆದುಕೊಂಡಿದ್ದವು. ಒಣ ಕಸ ಏನಿದ್ದರೂ ಮೇಲೆ ಹೊದಿಸಿ, ಇಲ್ಲವೇ ತಿಪ್ಪೆಯಲ್ಲಿ ಕೊಳೆಸಿ ಹಾಕಿ. ರಸಗೊಬ್ಬರವನ್ನೂ ಒಂದೇ ಸಲ ನಿಲ್ಲಿಸಬೇಡಿ. ನಾವು ಮಣ್ಣು ಪರೀಕ್ಷೆ ನೋಡಿಕೊಂಡು ವರ್ಷ ವರ್ಷ ಇಳಿಸಿದೆವು. ಮೂರನೇ ಮಳೆಗಾಲದಲ್ಲಿ ಅವರೆ ಬುಡದಲ್ಲಿ ಎರೆಹುಳದ ಹಿಕ್ಕೆ ಕಂಡಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ದೊಡ್ಡಬಳ್ಳಾಪುರದಿಂದ: ಅವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಹಸಿ ಸಗಣಿ, ಅರೆಬರೆ ಕಳಿತ ಗೊಬ್ಬರ ಹೊಲಕ್ಕೆ ಒಯ್ಯಬೇಡಿ. ನಮಗೆ ಅದರ ಜೊತೆಗೇ ಗೊಣ್ಣೆ ಹುಳು ಬಂತು, ಬೇರು ತಿಂದು ಅರ್ಧ ಎಕರೆ ಒಣಗಿತು. ಗೊಬ್ಬರ ಹಿಡಿದರೆ ಪುಡಿಯಾಗಬೇಕು, ಸಗಣಿ ವಾಸನೆ ಇರಬಾರದು. ಬದುವಿಗೆ ಗ್ಲಿರಿಸಿಡಿಯಾ (ಸೊಪ್ಪಿನ ಗೊಬ್ಬರ ಕೊಡುವ ಮರ) ಕಡ್ಡಿ ನೆಡಿ, ಸೊಪ್ಪು ಕೊಳ್ಳುವ ಖರ್ಚಿಲ್ಲ.

ಪರೀಕ್ಷೆಗೆ ಮಣ್ಣು ತೆಗೆಯುವಾಗ ತಿಪ್ಪೆ, ಬದು, ಮರದ ನೆರಳು ಬಿಟ್ಟುಬಿಡಿ. ಎಂಟು ಹತ್ತು ಕಡೆ ಅರ್ಧ ಅಡಿ ಆಳದವರೆಗಿನ ಮಣ್ಣು ತೆಗೆದು ಬೆರೆಸಿ ಅರ್ಧ ಕೆಜಿ ಕೊಡಿ. ವರದಿಯಲ್ಲಿ ಮೊದಲು ಸಾವಯವ ಇಂಗಾಲ ನೋಡಿ. ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣು ಹಸಿದಿದೆ ಅಂತಲೇ ಲೆಕ್ಕ.

ಹಿರಿಯೂರಿನಿಂದ: ಹತ್ತಿರದ ಕೆರೆಯ ಹೂಳು ಎತ್ತುತ್ತಿದ್ದರೆ ಬಿಡಬೇಡಿ. ಕೆಂಪು ಮಣ್ಣಿಗೆ ಕೆರೆಗೋಡು ಬಿದ್ದರೆ ತೇವ ಜಾಸ್ತಿ ದಿನ ನಿಲ್ಲುತ್ತದೆ. ಉಪ್ಪಿನಂಶ ಇದೆಯಾ ಅಂತ ಮಾತ್ರ ಮೊದಲೇ ಪರೀಕ್ಷೆ ಮಾಡಿಸಿ.

ತಿಪಟೂರಿನಿಂದ ಮತ್ತೆ: ಅಣ್ಣ, ಅಪ್ಸೆಣಬಿನ ಬೀಜಕ್ಕೆ ಯುಗಾದಿ ಹೊತ್ತಿಗೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಡಿ. ಮಳೆ ಬಿದ್ದ ಮೇಲೆ ಹೋದರೆ ನಮಗೆ ಸಿಕ್ಕಿರಲಿಲ್ಲ.