ಅಪ್‌ಡೇಟ್: ರೋಡ್ರಿಗಸ್‌ಗೆ ಹೋಗಿ ಬಂದೆ

ಮಾರಿಷಸ್ ನೋಡಿದ ಮೇಲೆ ಜನಜಂಗುಳಿ ಇಲ್ಲದ ರೋಡ್ರಿಗಸ್ ದ್ವೀಪಕ್ಕೂ ಹೋಗಬೇಕು, ನಾಲ್ಕು ದಿನ ಸಾಕಾ ಅಂತ ಕೇಳಿದ್ದೆ. ಆರು ದಿನ ಇಟ್ಕೊಳ್ಳಿ ಅಂದಿದ್ರಿ. ನಿಮ್ಮ ಮಾತು ಕೇಳಿದ್ದು ಎಷ್ಟು ಒಳ್ಳೆಯದಾಯಿತು!

ಮಾರಿಷಸ್‌ನಿಂದ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಇಳಿಯುವಾಗಲೇ ಗೊತ್ತಾಗುತ್ತೆ, ದ್ವೀಪಕ್ಕಿಂತ ಅದರ ಸುತ್ತಲಿನ ಲಗೂನೇ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ಸಮುದ್ರ) ದೊಡ್ಡದು. ನೀರು ಇಳಿದಾಗ ಹೆಂಗಸರು ಉದ್ದನೆ ಕೋಲು ಹಿಡಿದು ಮೊಣಕಾಲುದ್ದದ ನೀರಲ್ಲಿ ಆಕ್ಟೋಪಸ್ ಹುಡುಕುತ್ತಾ ನಡೆಯುತ್ತಾರೆ. ದಡದಲ್ಲಿ ಅವನ್ನು ಬಟ್ಟೆ ಒಣಹಾಕಿದ ಹಾಗೆ ಕಂಬಿಗೆ ನೇತುಹಾಕಿದ್ದರು. ಎಂಟೂ ಕಾಲು ಅಗಲಿಸಿ, ಗಾಳಿಗೆ ಮೆಲ್ಲಗೆ ತೂಗುತ್ತಿದ್ದವು. ಸುಮ್ನೆ ನೋಡ್ತಾ ನಿಂತುಬಿಟ್ಟೆ. ಮರಿಗಳು ಬೆಳೆಯಲಿ ಅಂತ 2012ರಿಂದ ವರ್ಷದಲ್ಲಿ ಕೆಲವು ವಾರ ಹಿಡಿಯೋದನ್ನೇ ನಿಲ್ಲಿಸುತ್ತಾರಂತೆ. ಇದು ನನಗೆ ತುಂಬಾ ಹಿಡಿಸಿತು.

ಒಂದು ಬೇಜಾರು: ಗಾಳಿ ಜಾಸ್ತಿ ಇದ್ದು ಹಕ್ಕಿಗಳ ಕೊಕೊ ದ್ವೀಪಕ್ಕೆ ದೋಣಿ ಎರಡು ದಿನ ಹೊರಡಲಿಲ್ಲ. ಆಮೇಲಷ್ಟೇ ಹೋಗಲು ಆಯಿತು. ನಾಲ್ಕೇ ದಿನ ಇದ್ದಿದ್ದರೆ ತಪ್ಪಿಹೋಗುತ್ತಿತ್ತು ಅಲ್ವಾ?

ತ್ರೂ ದಾರ್ಜಾನ್ ಬೀಚ್‌ಗೆ ಕಾಲುದಾರಿಯಲ್ಲಿ ನಡೆದೇ ಹೋಗಿ, ನೀರು ತಗೊಂಡು ಹೋಗಿ. ಶನಿವಾರ ಬೆಳಿಗ್ಗೆ ಬೇಗ ಪೋರ್ಟ್ ಮಥುರಿನ್ ಸಂತೆಗೆ ಹೋಗಿ. ಲೆಗಾ ಆಮೆಧಾಮವನ್ನಂತೂ ಬಿಡಬೇಡಿ. ಅಲ್ಲಿ ದೈತ್ಯ ಆಮೆಯ ಕತ್ತು ಸವರಿದೆ. ಅದು ಕಾಲೂರಿ ಎದ್ದು ನಿಂತು ಕತ್ತನ್ನು ಇನ್ನೂ ಉದ್ದ ಚಾಚಿತು!