10-18 ಲೆನ್ಸ್: ದೇವಸ್ಥಾನದ ಶಿಖರ ಹಿಂದಕ್ಕೆ ವಾಲುತ್ತಿದೆ, ಅಂಚಿನಲ್ಲಿ ನಿಂತವರ ಮುಖ ಅಗಲವಾಗುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನದು ಕ್ಯಾನನ್ ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ 10-18 ಎಂಎಂ ವೈಡ್ ಲೆನ್ಸ್ ತಗೊಂಡೆ. ಮನೆಯವರನ್ನೆಲ್ಲ ಕರೆದುಕೊಂಡು ಸೋಮನಾಥಪುರಕ್ಕೆ ಹೋಗಿದ್ದೆವು. ಎರಡು ತೊಂದರೆ ಆಗಿದೆ. ಕೇಶವ ದೇವಸ್ಥಾನದ ಮೂರು ಶಿಖರಗಳೂ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತಿವೆ. ಮತ್ತೆ ಒಂಬತ್ತು ಜನರ ಗ್ರೂಪ್ ಫೋಟೊದಲ್ಲಿ ಬಲತುದಿಗೆ ನಿಂತಿದ್ದ ಚಿಕ್ಕಮ್ಮನ ಮುಖ ಅಡ್ಡಕ್ಕೆ ಎಳೆದ ಹಾಗಿದೆ. ಕಿವಿಯ ದುಂಡನೆ ಓಲೆ ಕೂಡ ಮೊಟ್ಟೆ ಆಕಾರಕ್ಕೆ ಬಂದಿದೆ. ಅವರು ಬೇಜಾರು ಮಾಡಿಕೊಂಡರು. ಫೋಟೊ ತಿದ್ದುವ ಡಾರ್ಕ್‌ಟೇಬಲ್ ಸಾಫ್ಟ್‌ವೇರ್‌ನಲ್ಲಿ ಲೆನ್ಸ್ ಕರೆಕ್ಷನ್ ಹಾಕಿದೆ, ಎರಡೂ ಸರಿಹೋಗಲಿಲ್ಲ. ಲೆನ್ಸ್ ಕೆಟ್ಟಿದೆಯಾ?

ಉತ್ತರ:
ಲೆನ್ಸ್ ಕೆಟ್ಟಿಲ್ಲ ಸರ್, ವಾಪಸ್ ಕೊಡಬೇಡಿ. ಲೆನ್ಸ್ ಕರೆಕ್ಷನ್ ಸರಿಮಾಡುವುದು ಬಾಗಿದ ಗೆರೆಗಳನ್ನು. ನಿಮ್ಮ ಫೋಟೊದಲ್ಲಿ ಗೆರೆ ಬಾಗಿಲ್ಲ, ವಾಲಿದೆ. ಅದಕ್ಕೆ ಕಾರಣ ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿದದ್ದು. ಜಗತಿಯ (ದೇವಸ್ಥಾನ ನಿಂತಿರುವ ಕಟ್ಟೆ) ಹತ್ತಿರ ನಿಂತು ಶಿಖರ ಹಿಡಿಸಲು ಹೋದಿರಿ, ಅಲ್ವಾ? ಯಾವ ಲೆನ್ಸ್‌ನಲ್ಲೂ ಹೀಗಾಗುತ್ತದೆ, 10 ಎಂಎಂನಲ್ಲಿ ಜಾಸ್ತಿ ಎದ್ದು ಕಾಣುತ್ತದೆ.

ಮುಂದಿನ ಸಲ ಹೋದಾಗ ಸುತ್ತಲಿನ ಕಂಬಸಾಲಿನ ಕಡೆಗೆ ಹಿಂದೆ ಸರಿಯಿರಿ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, ಪರದೆಯಲ್ಲಿ ಲೆವೆಲ್ ಗೆರೆ ಇದ್ದರೆ ಆನ್ ಮಾಡಿ, ನೇರ ಮುಂದಕ್ಕೆ ಹಿಡಿಯಿರಿ. 10 ಎಂಎಂನಲ್ಲಿ ಹೀಗೆ 10 ಮೀಟರ್ ದೂರ ನಿಂತರೆ ಕಣ್ಣಿನ ಮಟ್ಟದಿಂದ ಮೇಲೆ ಸುಮಾರು 11 ಮೀಟರ್ ಎತ್ತರ ಹಿಡಿಸುತ್ತದೆ. ಕೆಳಗಡೆ ಅಂಗಳದ ಕಲ್ಲುಹಾಸು ಅರ್ಧ ಫೋಟೊ ತುಂಬುತ್ತದೆ. ತುಂಬಲಿ, ಆಮೇಲೆ ಕತ್ತರಿಸಿದರಾಯಿತು.

ಈಗ ತೆಗೆದಿರುವುದಕ್ಕೆ: ಮೊದಲು ಲೆನ್ಸ್ ಕರೆಕ್ಷನ್, ಆಮೇಲೆ ಡಾರ್ಕ್‌ಟೇಬಲ್‌ನಲ್ಲೇ ಇರುವ 'ರೊಟೇಟ್ ಅಂಡ್ ಪರ್ಸ್‌ಪೆಕ್ಟಿವ್'. ಅಲ್ಲಿ ಆಟೊಗೆ ಬಿಡಬೇಡಿ. ಶಿಖರ ಮೇಲೆ ಹೋದಂತೆ ಸಹಜವಾಗಿಯೇ ಕಿರಿದಾಗುತ್ತದೆ. ಸಾಫ್ಟ್‌ವೇರ್ ಆ ಓರೆಯನ್ನೇ ತಪ್ಪು ಅಂದುಕೊಂಡು ನೆಟ್ಟಗೆ ಮಾಡಲು ನೋಡುತ್ತದೆ. ಒಳಗಿನ ತಿರುಗಣೆ ಕಂಬಗಳೂ ಬೇಡ, ಅವುಗಳ ಅಂಚು ಉಬ್ಬುತಗ್ಗು. ಬಾಗಿಲ ಚೌಕಟ್ಟಿನ ಎರಡು ನಿಲುವು, ಗೋಡೆಯ ಮೂಲೆ, ಇಂಥ ನಿಜವಾಗಿ ನೆಟ್ಟಗಿರುವ ಗೆರೆಗಳನ್ನು ನೀವೇ ಗುರುತು ಮಾಡಿ. ಪೂರ್ತಿ ನೆಟ್ಟಗೆ ಮಾಡಿದರೆ ಶಿಖರ ಮೇಲುಗಡೆ ದಪ್ಪ ಆದಂತೆ ಕಾಣುತ್ತದೆ. ನಾನು ಮುಕ್ಕಾಲು ಭಾಗಕ್ಕೆ ನಿಲ್ಲಿಸುತ್ತೇನೆ, ಕಣ್ಣಿಗೆ ಹಿತ.

ಚಿಕ್ಕಮ್ಮನ ಮುಖದ್ದು ಬೇರೆ ಕಥೆ. ಗೆರೆ ನೇರವಾಗಿ ಉಳಿಯಬೇಕೆಂದರೆ ಈ ಲೆನ್ಸ್ ಅಂಚುಗಳನ್ನು ಎಳೆಯಲೇಬೇಕು. 10ರಲ್ಲಿ ಬಲತುದಿಯ ತಲೆ ಎತ್ತರಕ್ಕೆ ಹೋಲಿಸಿದರೆ ಒಂದೂವರೆ ಪಟ್ಟು ಅಗಲ ಬರುತ್ತದೆ. 18ರಲ್ಲಿ ಹೆಚ್ಚಾಗುವ ಅಗಲ ಐದನೇ ಒಂದು ಭಾಗಕ್ಕಿಂತ ಕಡಿಮೆ. ಒಂಬತ್ತು ಜನರ ಸಾಲು ನಾಲ್ಕೂವರೆ ಮೀಟರ್ ಅಂದುಕೊಂಡರೂ, ನಾಲ್ಕು ಮೀಟರ್ ಹಿಂದೆ ನಿಂತರೆ 18ರಲ್ಲೇ ಎಲ್ಲರೂ ಹಿಡಿಸುತ್ತಾರೆ. ತುದಿಗಳಲ್ಲಿ ಜಾಗ ಬಿಡಿ. ಎರಡು ಸಾಲು ಮಾಡಿದರೆ ಇನ್ನೂ ಒಳ್ಳೆಯದು.

ಮತ್ತೆ ಕೇಳಿದ್ದು:
ತುಂಬಾ ಥ್ಯಾಂಕ್ಸ್ ಸರ್. ಬಾಗಿಲ ಚೌಕಟ್ಟು ಗುರುತು ಮಾಡಿದ ಮೇಲೆ ಶಿಖರ ನಿಂತಿತು! ಆದರೆ ಗ್ರೂಪ್ ಫೋಟೊ ಮತ್ತೆ ತೆಗೆಯಲು ಆಗುವುದಿಲ್ಲ, ಅಜ್ಜಿಯನ್ನು ಅಷ್ಟು ದೂರ ಇನ್ನೊಮ್ಮೆ ಕರೆದೊಯ್ಯುವುದು ಕಷ್ಟ. ಇದನ್ನೇ ಉಳಿಸಿಕೊಳ್ಳಲು ದಾರಿ ಇದೆಯಾ? ಇನ್ನೊಂದು, ಆಕಾಶ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಬಿಳಿಚಿಕೊಂಡಿದೆ.

ಉತ್ತರ:
ಆಕಾಶದ್ದು ಪೋಲರೈಸರ್ ಫಿಲ್ಟರ್ ಕೆಲಸ. ಸೂರ್ಯನಿಗೆ 90 ಡಿಗ್ರಿ ಆಗುವ ಕಡೆ ಹೆಚ್ಚು ಗಾಢ ಮಾಡುತ್ತದೆ. ವೈಡ್ ಲೆನ್ಸ್‌ನಲ್ಲಿ ಆ ಫಿಲ್ಟರ್ ಬಿಚ್ಚಿಡಿ.

ಅಜ್ಜಿ ಇರುವ ಫೋಟೊ ಬಿಡಬೇಡಿ, ದಾರಿ ಇದೆ. ಹ್ಯೂಜಿನ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಪನೋರಮಾ ಜೋಡಿಸುವಂಥದ್ದು. ಒಂದೇ ಫೋಟೊ ಹಾಕಿ, ಫೋಕಲ್ ಲೆಂತ್ 10, ಕ್ರಾಪ್ 1.6 ಸರಿಯಾಗಿದೆಯಾ ನೋಡಿ. ಪ್ರೊಜೆಕ್ಷನ್‌ನಲ್ಲಿ (ಫೋಟೊವನ್ನು ಯಾವ ರೀತಿ ಹರಡಬೇಕೆಂಬ ಆಯ್ಕೆ) ಪನಿನಿ ಆರಿಸಿ. ನಿಲುವು ಗೆರೆಗಳು ನೆಟ್ಟಗೇ ಇರುತ್ತವೆ, ತುದಿಯ ಮುಖಗಳು ಒಳಕ್ಕೆ ಬರುತ್ತವೆ. ಹಿಂದಿನ ಕಲ್ಲಿನ ಮೆಟ್ಟಿಲು ಸ್ವಲ್ಪ ಬಾಗುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಜೆಪೆಗ್ ಬೇಡ, ಡಾರ್ಕ್‌ಟೇಬಲ್‌ನಿಂದ 16 ಬಿಟ್ ಟಿಫ್ ತೆಗೆದು ಹಾಕಿ.

ಕೇಳಿದವರು:
ಆಯಿತು ಸರ್. ಓಲೆ ಮತ್ತೆ ದುಂಡಗಾಗಿದೆ. 8 ಇಂಟು 12 ಸೈಜಿನಲ್ಲಿ ಎರಡು ಪ್ರಿಂಟ್‌ಗೆ ಕೊಟ್ಟು ಬಂದೆ, ಒಂದು ಅಜ್ಜಿಗೆ, ಒಂದು ಚಿಕ್ಕಮ್ಮನಿಗೆ.