ಮಣ್ಣನ್ನು ಮುಟ್ಟದೆ ಚಂದ್ರನಲ್ಲಿ ನೀರಿದೆ ಎಂದು ಚಂದ್ರಯಾನ-1 ಹೇಳಿದ್ದು ಹೇಗೆ?

ಪ್ರಶ್ನೆ:
ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ‘ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ನೌಕೆಗೆ ಕೆಳಗಿನ ಮಣ್ಣಿನಲ್ಲಿ ನೀರಿರುವುದು ಹೇಗೆ ತಿಳಿಯಿತು ಮೇಡಂ?’ ಎಂದು ಕೇಳಿದಳು. ರೋಹಿತದ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ) ಹೆಸರು ಹೇಳಿ ಜಾರಿಕೊಂಡೆ. ಅವಳಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ನೌಕೆಯಿಂದ ಕೆಳಗೆ ಬಿದ್ದ ಶೋಧಕವೇ ನೀರನ್ನು ಕಂಡಿತೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
2008ರ ನವೆಂಬರ್ 14ರಂದು ದಕ್ಷಿಣ ಧ್ರುವದ ಬಳಿ ಅಪ್ಪಳಿಸಿದ ಆ ಶೋಧಕದಲ್ಲಿ ಮಣ್ಣನ್ನು ಪರೀಕ್ಷಿಸುವ ಸಲಕರಣೆ ಇರಲಿಲ್ಲ. ಮಣ್ಣಿನ ಸಾಕ್ಷ್ಯ ಒದಗಿಸಿದ್ದು ನೌಕೆಯಲ್ಲಿದ್ದ 11 ಉಪಕರಣಗಳಲ್ಲೊಂದಾದ, ನಾಸಾ ನೀಡಿದ್ದ ಮೂನ್ ಮಿನರಾಲಜಿ ಮ್ಯಾಪರ್. ಗದ್ದೆಯ ಬದುವಿನ ಮೇಲೆ ನಿಂತ ರೈತ ಯಾವ ಮಡಿಗೆ ನೀರು ಹಾಯ್ದಿದೆ ಎಂಬುದನ್ನು ಮಣ್ಣಿನ ಬಣ್ಣ ನೋಡಿಯೇ ಹೇಳುತ್ತಾನಲ್ಲ, ಅದೇ ಬಗೆಯ ನೋಟವಿದು. ಆದರೆ ಇಲ್ಲಿನ ಬಣ್ಣ ನಮ್ಮ ಕಣ್ಣಿಗೆ ಕಾಣದ ಅವಕೆಂಪಿನದು. ನೆಲದ ಮೇಲೆ ಬಿದ್ದ ಬಿಸಿಲು ಪ್ರತಿಫಲಿಸಿ ಮೇಲೆ ಬರುವಾಗ, ಆಮ್ಲಜನಕ ಮತ್ತು ಜಲಜನಕದ ನಡುವಿನ ಬಂಧವು 3 ಮೈಕ್ರೊಮೀಟರ್ ಆಸುಪಾಸಿನ ತರಂಗಗಳನ್ನು ಹೀರಿಕೊಳ್ಳುವುದರಿಂದ, ಅಷ್ಟು ಭಾಗ ಮಂಕಾಗಿ ಕಾಣುತ್ತದೆ. ಪತ್ರಿಕೆಗಳು ‘ನೀರು’ ಎಂದು ಬರೆದದ್ದರಿಂದ ಎಷ್ಟೋ ಜನ ಕೆರೆ ಕುಂಟೆಗಳನ್ನೇ ಕಲ್ಪಿಸಿಕೊಂಡರು. ವಾಸ್ತವದಲ್ಲಿ ಅದು ಖನಿಜದ ಕಣಗಳಿಗೆ ಅಂಟಿಕೊಂಡ ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ) ಹಾಗೂ ನೀರಿನ ಅಣುಗಳು, ಅದೂ ನೆಲದ ಮೇಲಿನ ತೆಳು ಪದರದಲ್ಲಿ ಮಾತ್ರ.

ಉತ್ತರ 2:
ಮೇಲಿನ ಉತ್ತರ ಸರಿ. ಆದರೆ ಒಂದು ತೊಡಕಿತ್ತು. ಆ ಉಪಕರಣದ ದೃಷ್ಟಿ 3 ಮೈಕ್ರೊಮೀಟರಿಗೇ ಮುಗಿಯುತ್ತಿದ್ದುದರಿಂದ, ರೋಹಿತದಲ್ಲಿ ಮಂಕಾದ ಆ ಭಾಗದ, ಅಂದರೆ ತಗ್ಗಿನ, ಒಂದು ದಡ ಮಾತ್ರ ಅದಕ್ಕೆ ಕಾಣುತ್ತಿತ್ತು. ಸಾಲದ್ದಕ್ಕೆ ಕಾದ ನೆಲ ತಾನೇ ಹೊರಸೂಸುವ ಶಾಖವೂ ಅದೇ ಭಾಗದಲ್ಲಿ ಬೆರೆಯುತ್ತದೆ. ಹಾಗಾಗಿ 1999ರಲ್ಲಿ ಶನಿಯತ್ತ ಸಾಗುತ್ತಾ ಚಂದ್ರನನ್ನು ನೋಡಿದ್ದ ಕ್ಯಾಸಿನಿ ನೌಕೆಯ ಹಳೆಯ ಮಾಹಿತಿಯನ್ನೂ, 2009ರ ಜೂನ್‌ನಲ್ಲಿ ಹಾದುಹೋದ ಡೀಪ್ ಇಂಪ್ಯಾಕ್ಟ್ ನೌಕೆಯ ಅಳತೆಯನ್ನೂ ಜೊತೆಗಿಟ್ಟು ನೋಡಿದ ಮೇಲೆಯೇ 2009ರ ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಅಷ್ಟರಲ್ಲಿ ಬೆಂಗಳೂರು ಬಳಿಯ ಬ್ಯಾಲಾಳಿನ 32 ಮೀಟರ್ ಆಂಟೆನಾಕ್ಕೆ ಚಂದ್ರಯಾನ-1ರ ದನಿ ಕೇಳಿಸುವುದೇ ನಿಂತಿತ್ತು: ಎರಡು ವರ್ಷಕ್ಕೆಂದು ಹೋದ ನೌಕೆಯ ಸಂಪರ್ಕ ಆಗಸ್ಟ್ 29ರಂದು, 312 ದಿನಗಳಿಗೇ ಕಡಿದಿತ್ತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಆದರೆ ಅದೇ ಹುಡುಗಿ ಬಿಡುವವಳಲ್ಲ. ಬಿಸಿಲು ಬಿದ್ದರೆ ಮಾತ್ರ ಕಾಣುತ್ತದೆ ಎಂದಾದರೆ, ಎಂದೂ ಬಿಸಿಲು ತಾಗದ ಧ್ರುವದ ಕುಳಿಗಳಲ್ಲಿ ಇದೇ ಉಪಕರಣ ಮಂಜುಗಡ್ಡೆಯನ್ನು ಕಂಡಿತು ಎನ್ನುವುದು ಹೇಗೆ ಹೊಂದುತ್ತದೆ?

ಉತ್ತರ 3:
ಹುಡುಗಿಯ ಪ್ರಶ್ನೆ ನಮ್ಮ ಉತ್ತರಗಳಿಗಿಂತ ಚೆನ್ನಾಗಿದೆ. ಆ ಕುಳಿಗಳ ತಳಕ್ಕೆ ನೇರ ಬಿಸಿಲು ಬೀಳದಿದ್ದರೂ, ಎದುರಿನ ಗೋಡೆಗೆ ಬಿದ್ದ ಬೆಳಕು ಚದುರಿ ಒಳಗೆ ಇಣುಕುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೊರಗಿನ ಸುಣ್ಣದ ಗೋಡೆಯಿಂದ ಬಂದ ಬೆಳಕು ಕಿಟಕಿಯ ಸಂದಿಯಲ್ಲಿ ನುಸುಳಿ ಪಾತ್ರೆಗಳನ್ನು ಕಾಣಿಸುವಂತೆ. 2018ರಲ್ಲಿ ಸಂಶೋಧಕರು ಹಳೆಯ ಮಾಹಿತಿಯಿಂದ ಈ ಮಸುಕು ಬೆಳಕನ್ನೇ ಹೆಕ್ಕಿ ಮಂಜುಗಡ್ಡೆಯ ಗುರುತನ್ನು ಕಂಡರು. ಅತಿ ಶೀತಲ ನೆರಳಿನ ಜಾಗಗಳಲ್ಲಿ ಅಂಥ ಗುರುತು ಸಿಕ್ಕಿದ್ದು ಶೇ 3.5ರಷ್ಟರಲ್ಲಿ ಮಾತ್ರ ಎಂಬುದನ್ನೂ ಅವಳಿಗೆ ಹೇಳಿ. ಉಳಿದ ಜಾಗಗಳಲ್ಲಿ ಏಕಿಲ್ಲ ಎಂದು ಅವಳು ಕೇಳುವುದಂತೂ ಖಚಿತ.